ಹಳದಿ ಜರ್ಸಿ ತೂಗುಹಾಕುತ್ತಿದ್ದ ಎಲ್ರಾಯ್

ಎಲ್ರಾಯ್ ಗ್ಯಾಂಟ್ ಮೂವತ್ತನಾಲ್ಕು ವರ್ಷ ನಮ್ಮ ಯೂನಿವರ್ಸಿಟಿಯ ಫುಟ್‌ಬಾಲ್ ಹುಡುಗರ ಬಟ್ಟೆ ಒಗೆದ. ಒಗೆದದ್ದು ಅಷ್ಟೇ ಅಲ್ಲ. ಹೆಲ್ಮೆಟ್ಟಿನ ತಿರುಪು ಬಿಗಿ ಮಾಡುವುದು, ಹರಿದ ಪಟ್ಟಿ ಹೊಲಿಯುವುದು, ಬೂಟಿನ ತಳದ ಮುಳ್ಳು ಬದಲಿಸುವುದು, ಎಲ್ಲ ಅವನದೇ. ಸ್ಟೇಡಿಯಮ್ಮಿನ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಜಾಲರಿ ಕಿಟಕಿಯ ಒಂದು ಕೋಣೆ, ಅದರೊಳಗೆ ಅವನು. ನಾನು ಮೇಲೆ, ಹುಲ್ಲು ಕತ್ತರಿಸಿ ಬಿಳಿ ಗೆರೆ ಎಳೆಯುವವನು. ಹೆಸರು ಡೂಯಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದ್ದರಿಂದ ಬರಹದಲ್ಲಿ ಅಂಕುಡೊಂಕು ಕಂಡರೆ ಸಹಿಸಿಕೊಳ್ಳಿ.

ನಮ್ಮ ಕೋಚ್ ಮಕ್ರೇರಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಎಲ್ರಾಯ್ ಬಗ್ಗೆ ಬರೆದವರು ಒಂದೇ ಸಾಲು ಬರೆದರು. ಆ ಒಂದು ಸಾಲು ಓದಿದ ದಿನದಿಂದ ನನಗೆ ಉರಿ ಆರಿಲ್ಲ. ಅದಕ್ಕೇ ಇದು.

ನಮ್ಮ ಫುಟ್‌ಬಾಲ್ ಕಾಲಲ್ಲಿ ಒದೆಯುವ ಆಟವಲ್ಲ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡಬೇಕು, ಎದುರಿನವನು ಮೈಮೇಲೆ ಬಿದ್ದು ಕೆಡವಬೇಕು. ಪೆಟ್ಟು ಬೀಳದ ವಾರವಿಲ್ಲ. ಶನಿವಾರ ಪಂದ್ಯ, ಮಂಗಳವಾರದಿಂದ ಮತ್ತೆ ಅಭ್ಯಾಸ. ಅಭ್ಯಾಸಕ್ಕೆ ಮೂರು ಬಣ್ಣದ ಜರ್ಸಿ. ಚೆಂಡು ಹಿಡಿದು ಓಡುವ ಪಾಳಿಗೆ ನೀಲಿ, ತಡೆಯುವ ಪಾಳಿಗೆ ಬಿಳಿ, ಪೆಟ್ಟಾದವರಿಗೆ ಹಳದಿ. ಹಳದಿ ತೊಟ್ಟವನು ಓಡಬಹುದು, ಚೆಂಡು ಹಿಡಿಯಬಹುದು, ಆದರೆ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಡಾಕ್ಟರ ಕೋಣೆಯಿಂದ ಒಂದು ಚೀಟಿ ಬರುತ್ತದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬೊಬ್ಬನಿಗೂ ಒಂದು ಗೂಟ; ಚೀಟಿಯಲ್ಲಿ ಹೆಸರಿದ್ದವನ ಗೂಟಕ್ಕೆ ಎಲ್ರಾಯ್ ಹಳದಿ ತೂಗುಹಾಕುತ್ತಾನೆ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಗೂಟದಲ್ಲಿ ಏನಿದೆಯೋ ಅದನ್ನು ಹುಡುಗ ತೊಡುತ್ತಾನೆ. ತೊಟ್ಟ ಬಣ್ಣ ನೋಡಿ ಉಳಿದವರು ಗುದ್ದುತ್ತಾರೆ, ಇಲ್ಲವೇ ಬಿಡುತ್ತಾರೆ.

ಕೋಚ್‌ಗೆ ಹಳದಿ ಕಂಡರೆ ಆಗುತ್ತಿರಲಿಲ್ಲ. ಹಳದಿ ತೊಟ್ಟವನು ಊಟಕ್ಕೆ ಕೊನೆಯಲ್ಲಿ ಹೋಗಬೇಕು, ಎಂಜಲು ತಟ್ಟೆ ಒಪ್ಪಿಸುವ ಕಿಂಡಿಯ ಪಕ್ಕದ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ತಿನ್ನಬೇಕು. ಕೋಳಿಯ ಒಳ್ಳೆಯ ತುಂಡು ಅಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಇಪ್ಪತ್ತು ವರ್ಷದ, ಎತ್ತಿನಂಥ ಹುಡುಗರು ಆ ಮೇಜಿಗೆ ಹೆದರಿ ಮುರಿದ ಬೆರಳನ್ನು ಮುಚ್ಚಿಟ್ಟುಕೊಂಡು ಆಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಂತ ಕೋಚ್ ರಾಕ್ಷಸ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಅವರ ಮೇಲೂ ರೇಗುತ್ತೇನೆ. ಅವರು ಬಂದ ಎರಡನೇ ವರ್ಷವೇ ಒಬ್ಬ ಕರಿಯ ಹುಡುಗನನ್ನು ತಂಡ ನಡೆಸುವ ಜಾಗದಲ್ಲಿ ನಿಲ್ಲಿಸಿದರು. ಈ ಊರಲ್ಲಿ ಆಗ ಅದು ಸಣ್ಣ ಮಾತಲ್ಲ. ದುಡ್ಡಿರುವ ಹಳೆ ವಿದ್ಯಾರ್ಥಿಗಳು ಬೇಡವೆಂದರು. ಯಾರೋ ಅವರ ಮನೆ ಕಿಟಕಿಗೆ ಕಲ್ಲು ಹೊಡೆದರು. ಒಡೆದ ಗಾಜನ್ನು ಕೋಚ್ ಆ ವರ್ಷದ ಆಟ ಮುಗಿಯುವವರೆಗೂ ಹಾಗೇ ಬಿಟ್ಟಿದ್ದರು. ಕೇಳಿದವರಿಗೆ, "ಗಾಳಿ ಚೆನ್ನಾಗಿ ಬರ್ತಿದೆ" ಎನ್ನುತ್ತಿದ್ದರು. ಆಟಗಾರನ ತಾಯಿ ಸತ್ತರೆ ಮುನ್ನೂರು ಮೈಲಿ ಕಾರು ಓಡಿಸಿಕೊಂಡು ಹೋಗಿ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟವರು. ಹತ್ತೊಂಬತ್ತನೇ ವಯಸ್ಸಿಗೆ ನಾನು ಪೆಟ್ರೋಲ್ ಬಂಕಿನ ಮುಂದೆ ಒಬ್ಬನ ದವಡೆ ಮುರಿದಿದ್ದೆ. ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಕೋಚ್ ಕರೆದು, "ಮಗನೇ, ನಿನ್ನ ಕೈಗೆ ತಳ್ಳೋಕೆ ಏನಾದ್ರೂ ಬೇಕು" ಎಂದು ಹುಲ್ಲು ಕತ್ತರಿಸುವ ಯಂತ್ರದ ಹಿಡಿ ಕೊಟ್ಟರು. ಇವತ್ತಿಗೂ ತಳ್ಳುತ್ತಿದ್ದೇನೆ.

ಆದರೆ ಅದೇ ಕೋಚ್, ಹುಡುಗಿಯರ ಈಜುಕೊಳ ಮುಚ್ಚಿಸಿ ತನ್ನ ಹುಡುಗರಿಗೆ ಕಬ್ಬಿಣ ಎತ್ತುವ ಮನೆ ಕಟ್ಟಿಸಿದರು. ಕೊಳಕ್ಕೆ ಮಣ್ಣು ತುಂಬಿದವನು ನಾನು. ಅವರ ತಂಡದ ಹುಡುಗರು ಕಾಲಿಡದ ತರಗತಿಯಲ್ಲಿ ಪಾಸಾಗುತ್ತಿದ್ದರು. ನಾಲ್ಕು ವರ್ಷ ಓದಿ ಡಿಗ್ರಿ ಹಿಡಿದುಕೊಂಡು ಹೋದ ಒಬ್ಬ, ಬಸ್ಸಿನ ಬೋರ್ಡನ್ನು ನನ್ನ ಕೈಲಿ ಓದಿಸಿಕೊಂಡ. ನನ್ನ ಕೈಲಿ.

ಇನ್ನು ಪೂಲ್ ಎಂಬ ಹುಡುಗನ ವಿಷಯ. ಕಾರ್ವಿನ್ ಪೂಲ್ ಚೆಂಡು ಹಿಡಿದು ಓಡುವವನು, ಪಕ್ಕದ ಜಿಲ್ಲೆಯ ಹುಡುಗ, ಸದಾ ನಗುಮುಖ. ಎರಡು ಸಾವಿರದ ಮೂರನೇ ಇಸವಿ ಅಕ್ಟೋಬರ್, ಶನಿವಾರದ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿತ್ತು. ಮಂಗಳವಾರ ಅಭ್ಯಾಸಕ್ಕೆ ನೀಲಿ ತೊಟ್ಟು ಬಂದ. ಎರಡನೇ ಓಟದಲ್ಲೇ ಇಬ್ಬರು ಒಟ್ಟಿಗೆ ಗುದ್ದಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಎದ್ದು ಬಂದವನು ಬೇರೆ ಪೂಲ್. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿಲ್ಲ, ಬಿಸಿಲು ಕಣ್ಣಿಗೆ ಬಿದ್ದರೆ ತಲೆ ಹಿಡಿದುಕೊಂಡು ಕೂತುಬಿಡುತ್ತಾನೆ. ಆ ಮಂಗಳವಾರವಂತೂ ಪೂರ್ತಿ ಅಳಿಸಿಹೋಗಿದೆ.

ಆ ವರ್ಷದ ಕೊನೆಯ ಔತಣದಲ್ಲಿ ಕೋಚ್ ಎದ್ದು ನಿಂತು ಹೇಳಿದರು: "ಆ ಹುಡುಗನ ಗೂಟದಲ್ಲಿ ಹಳದಿ ಇತ್ತು. ಕಿತ್ತು ನೆಲಕ್ಕೆ ಎಸೆದ. ನೀಲಿ ಹಾಕ್ಕೊಂಡು ಬಂದ. ಎದೆ ಅಂದ್ರೆ ಅದು." ನಾನೂ ಎದ್ದು ಚಪ್ಪಾಳೆ ತಟ್ಟಿದೆ, ಕಣ್ಣು ಒರೆಸಿಕೊಂಡೆ. ಆ ಮಾತನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಹಾಕಿದರು. ಮೈದಾನಕ್ಕೆ ಹೋಗುವಾಗ ಪ್ರತಿಯೊಬ್ಬ ಹುಡುಗನೂ ಅದನ್ನು ಮುಟ್ಟಿಯೇ ಹೋಗುತ್ತಿದ್ದ.

ಪೂಲ್ ಇದೇ ಊರಲ್ಲಿ ಅಕ್ಕ ಓಜೆಲ್ಲಾಳ ಮನೆಯಲ್ಲಿ ಉಳಿದ. ದಿನಸಿ ಅಂಗಡಿಯಲ್ಲಿ ಗಿರಾಕಿಗಳು ಬಿಟ್ಟುಹೋದ ತಳ್ಳುಗಾಡಿಗಳನ್ನು ಒಟ್ಟು ಮಾಡುತ್ತಾನೆ. ಜನ ಅವನಿಗೆ ಕಾಫಿ ಕೊಡಿಸಿ ಆ ಕತೆ ಹೇಳಿಸುತ್ತಿದ್ದರು. "ಕಿತ್ತು ಎಸ್ದೆ ಸಾರ್. ನೆಲಕ್ಕೆ" ಎಂದು ಅವನು ಹೇಳುತ್ತಿದ್ದ. ನೆನಪಿನಿಂದಲ್ಲ, ಅವರಿವರು ಹೇಳಿದ್ದರಿಂದ. ಮನೆಯಲ್ಲಿ ಅಕ್ಕ ಅದೇ ಕತೆಗೆ ಬೈಯುತ್ತಿದ್ದಳು. "ಡಾಕ್ಟ್ರು ಕೊಟ್ಟಿದ್ದನ್ನ ಹಾಕ್ಕೊಳ್ಳೋಕೆ ನಿಂಗೇನು ದಾಡಿ ಬಂದಿತ್ತೋ? ನಿನ್ನ ಪೌರುಷಕ್ಕೆ ನನ್ನ ಬಾಳು ಹೋಯ್ತು." ಮದುವೆ ಗೊತ್ತಾಗಿದ್ದ ಹೆಂಗಸು ಅವಳು. ಗಂಡು ಆರು ತಿಂಗಳು ಕಾದು ನೋಡಿ ಬೇರೆ ಕಡೆ ಹೋದ.

ಬುಧವಾರ ಪೂಲ್‌ಗೆ ರಜೆ. ಎಲ್ರಾಯ್ ನಿವೃತ್ತಿಯಾದ ಮೇಲೆ ಪ್ರತಿ ಬುಧವಾರ ಅವನ ಮನೆ ಜಗಲಿಯಲ್ಲಿ ಡೊಮಿನೊ ಎಂಬ ಚುಕ್ಕೆ ಬಿಲ್ಲೆಗಳ ಆಟ ಆಡಲು ಬರುತ್ತಿದ್ದ. ಅಕ್ಕ ಗೇಟಿನವರೆಗೂ ಬೈದುಕೊಂಡೇ ಬಂದು ಬಿಟ್ಟು ಹೋಗುವಳು. ನಾನೂ ಮಧ್ಯಾಹ್ನ ಅಲ್ಲಿ ಹೋಗಿ ಕೂರುತ್ತಿದ್ದೆ. ಎಲ್ರಾಯ್‌ನ ಹೆಂಡತಿ ತೀರಿಕೊಂಡು, ಮಗಳು ವರ್ನಾ ದೂರದ ಆಸ್ಪತ್ರೆಯಲ್ಲಿ ನರ್ಸ್ ಆಗಿ ಹೋದ ಮೇಲೆ ಅವನಿಗೂ ಜನ ಬೇಕಿತ್ತು.

ಹೋದ ಜನವರಿಯಲ್ಲಿ ಕೋಚ್ ಸತ್ತರು. ಮೈದಾನಕ್ಕೆ ಅವರ ಹೆಸರಿಡಬೇಕೆಂದು ಅರ್ಧ ಊರು ಎದ್ದಿತು. ಕೆಲವು ಹಳೆ ಆಟಗಾರರು ಬೇಡವೆಂದು ಕಾಗದ ಬರೆದರು. ಯೂನಿವರ್ಸಿಟಿ ಏಳು ಜನರ ಸಮಿತಿ ಮಾಡಿ, ಕೋಚ್ ಜೊತೆ ದುಡಿದವರೆಲ್ಲ ಬಂದು ಮೂರು ಮೂರು ನಿಮಿಷ ಮಾತಾಡಿ ಎಂದಿತು. ಎಲ್ರಾಯ್‌ಗೂ ಕಾಗದ ಬಂತು.

"ಹೋಗಿ ನಾಕು ಒಳ್ಳೆ ಮಾತಾಡಿ ಬಾ" ಎಂದೆ.

ಅವನು ಕಾಗದವನ್ನು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡ. "ಡೂಯಿ, ಆವತ್ತು ಆ ಗೂಟದಲ್ಲಿ ಹಳದಿ ಇರ್ಲಿಲ್ಲ."

"ಯಾವ ಗೂಟ?"

"ಪೂಲ್‌ದು. ಚೀಟೀಲಿ ಹೆಸ್ರಿತ್ತು. ಹಾಕಿದ್ದೆ. ಆಮೇಲೆ ನಾನೇ ತೆಗ್ದೆ."

"ಕೋಚ್ ತೆಗಿ ಅಂದ್ರಾ?"

"ಇಲ್ಲ. ಕಿಟಕಿ ಹತ್ರ ಬಂದು ಗೂಟಗಳ ಕಡೆ ನೋಡಿದ್ರು. ಆರು ಹಳದಿ ಇತ್ತು. 'ಎಲ್ರಾಯ್, ಈ ವಾರ ನಿನ್ನ ತೋಟದಲ್ಲಿ ಹೂವು ಜಾಸ್ತಿಯಾಗಿದೆ' ಅಂದ್ರು. ಹೋದ್ರು."

"ಅಷ್ಟೇನಾ?"

"ಅಷ್ಟೇ. ಇಪ್ಪತ್ಮೂರು ವರ್ಷ ಜೊತೇಲಿದ್ದೋನು ನಾನು. ಎಷ್ಟು ಹೂವು ಇರ್ಬೇಕು ಅಂತ ನಂಗೆ ಗೊತ್ತಿತ್ತು. ಎರಡು ತೆಗ್ದೆ. ಒಬ್ಬನಿಗೆ ಕಾಲು ಉಳುಕಿತ್ತು, ಏನೂ ಆಗ್ಲಿಲ್ಲ. ಇನ್ನೊಂದು ಪೂಲ್‌ದು. ಬೆಳಿಗ್ಗೆ ನಗ್ತಾ ಓಡಾಡ್ತಿದ್ದ, ಅದಕ್ಕೇ ಅವಂದು ತೆಗ್ದೆ."

ನಾನು ಕೂತಿದ್ದ ಕುರ್ಚಿಯನ್ನು ಒದ್ದೆ. ಅದು ಜಗಲಿಯಿಂದ ಉರುಳಿ ಕೆಳಗೆ ಬಿತ್ತು. "ಇಪ್ಪತ್ತು ವರ್ಷ ಬಾಯಲ್ಲಿ ಏನು ತುರುಕ್ಕೊಂಡಿದ್ದೆ?"

"ಮೊದಲು ಹೆದರಿಕೆ. ಆಮೇಲೆ ವರ್ನಾ."

ಅದು ನನಗೆ ಗೊತ್ತಿತ್ತು. ಪೂಲ್‌ಗೆ ಪೆಟ್ಟಾದ ಮುಂದಿನ ತಿಂಗಳೇ ಕೋಚ್ ಒಂದು ಫೋನ್ ಮಾಡಿ ವರ್ನಾಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಕೊಡಿಸಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಎಲ್ರಾಯ್‌ಗೆ ಇವತ್ತಿಗೂ ತಿಳಿಯದು. ಕೋಚ್ ಅಂಥ ಉಪಕಾರವನ್ನು ಎಷ್ಟೋ ಜನಕ್ಕೆ ಮಾಡಿದ್ದರು, ಏನೂ ಮುಚ್ಚಿಡಬೇಕಿಲ್ಲದವರಿಗೂ.

"ಅಷ್ಟು ಹೊತ್ತಿಗೆ ಪೂಲ್ ಆ ಕತೇನ ಎದೆ ಉಬ್ಬಿಸ್ಕೊಂಡು ಹೇಳೋಕೆ ಶುರು ಮಾಡಿದ್ದ" ಎಂದ ಎಲ್ರಾಯ್. "ಹೆಂಗೆ ಕಿತ್ಕೊಳ್ಳಲಿ?"

"ಕಿತ್ಕೋಬೇಡ" ಎಂದೆ. "ಅವನ ಹತ್ರ ಇರೋದು ಅದೊಂದೇ. ಬಾಯಿ ಮುಚ್ಕೊಂಡು ಸಾಯಿ."

"ಅವನ ಅಕ್ಕ ಬೈಯೋದು ಕೇಳಿದ್ದೀಯಲ್ಲ. ಮಾಡದೆ ಇರೋ ತಪ್ಪಿಗೆ ಬೈಸ್ಕೊತಾನೆ, ತಲೆ ತಗ್ಗಿಸ್ಕೊಂಡು. ನೂರಾರು ಬುಧವಾರ ಕೇಳಿಸ್ಕೊಂಡಿದ್ದೀನಿ, ಡೂಯಿ. ಸುಸ್ತಾಗಿದೆ ನಂಗೆ."

ನಾವಿಬ್ಬರೂ ಆಮೇಲೆ ಹದಿನೈದು ದಿನ ಮಾತು ಬಿಟ್ಟಿದ್ದೆವು. ಬಿಟ್ಟವನು ನಾನೇ.

ಏಪ್ರಿಲ್‌ನ ಒಂದು ಗುರುವಾರ ಬೆಳಿಗ್ಗೆ ಸಮಿತಿ ಕೂತಿತು. ಹೋಗಬಾರದು ಎಂದುಕೊಂಡಿದ್ದೆ, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎಲ್ರಾಯ್ ಚರ್ಚಿಗೆ ಹಾಕುವ ಕಂದು ಸೂಟಿನಲ್ಲಿ ಬಂದಿದ್ದ. ಪೂಲ್ ಮತ್ತು ಓಜೆಲ್ಲಾಳನ್ನು ಅವನೇ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಮೊದಲು ಮಾತಾಡಿದವರಲ್ಲಿ ಕೋಚ್‌ನಿಂದ ಬಾಳು ಬೆಳಗಿತು ಎಂದವರು ಆರು ಜನ, ಬೆನ್ನು ಹೋಯಿತು ಎಂದವರು ಮೂರು. ಒಂಬತ್ತೂ ಜನ ನಿಜವನ್ನೇ ಹೇಳಿದರು.

ಎಲ್ರಾಯ್ ಮೈಕಿನ ಮುಂದೆ ನಿಂತು ಸಮಿತಿಗೆ ಬೆನ್ನು ಮಾಡಿ ಪೂಲ್ ಕಡೆ ತಿರುಗಿದ.

"ಮಿಸ್ಟರ್ ಗ್ಯಾಂಟ್, ದಯವಿಟ್ಟು ಈ ಕಡೆ" ಎಂದರು ಅಧ್ಯಕ್ಷರು. ಸ್ಟ್ರಿಕ್ಲಂಡ್ ಎಂಬ ವಕೀಲರು.

"ನಾನು ಹೇಳ್ಬೇಕಾಗಿರೋದು ಆ ಕಡೆಗಲ್ಲ ಸಾರ್." ಚೀಟಿಯ ವಿಷಯ, ಹೂವಿನ ಮಾತು, ತಾನು ತೆಗೆದದ್ದು, ಎಲ್ಲ ಹೇಳಿದ. ಕೊನೆಗೆ ನನಗೂ ಹೇಳಿರದ ಒಂದು ಮಾತು ಬಂತು. "ಕಾರ್ವಿನ್, ನೀನು ಯಾವ ಜರ್ಸೀನೂ ಎಸೀಲಿಲ್ಲ ಮಗ. ನೀನು ಕಿಟಕಿ ಹತ್ರ ಬಂದೆ. 'ಮಿಸ್ಟರ್ ಎಲ್ರಾಯ್, ನನ್ನ ಹಳದಿ ಎಲ್ಲಿ? ತಲೆ ಇನ್ನೂ ಧಿಂ ಅಂತಿದೆ' ಅಂತ ಕೇಳ್ದೆ. 'ಇವತ್ತು ನಿಂಗೆ ನೀಲಿ' ಅಂದೆ ನಾನು. 'ಆಯ್ತು ಸಾರ್' ಅಂತ ಹೋದೆ. ಊಟದ ಮೇಜಿಗೆ ಹೆದರದೆ ಕೇಳಿದೋನು ನೀನೊಬ್ಬನೇ."

ಸ್ಟ್ರಿಕ್ಲಂಡ್ ಪೆನ್ನು ಎತ್ತಿದರು. "ಹಳದಿ ತೆಗೀರಿ ಅಂತ ಕೋಚ್ ಮಕ್ರೇರಿ ನಿಮಗೆ ಹೇಳಿದ್ರಾ? ಹೌದು ಅಥವಾ ಇಲ್ಲ ಅನ್ನಿ, ಸಾಕು."

"ಇಲ್ಲ ಸಾರ್."

"ಥ್ಯಾಂಕ್ ಯೂ." ಬರೆದುಕೊಂಡರು.

"ಹೇಳ್ಬೇಕಾಗಿರ್ಲಿಲ್ಲ ಕಣಯ್ಯಾ" ಎಂದು ನಾನು ಹಿಂದಿನಿಂದ ಕೂಗಿದೆ. "ಆ ಮನುಷ್ಯ ಕೆಮ್ಮಿದ್ರೆ ಊರು ಹೊದ್ಕೊಂಡು ಮಲಗ್ತಿತ್ತು. ಬರ್ಕೋ ಅದನ್ನೂ." ಇನ್ನೂ ಏನೇನೋ ಅಂದೆ, ಅದನ್ನು ಅಚ್ಚು ಹಾಕಲಾಗದು. ಬಾಗಿಲ ಕಾವಲಿನ ಹೆನ್ಲಿ ಬಂದು ತೋಳು ಹಿಡಿದ. "ಬಾ ಡೂಯಿ, ಹೊರಗೆ ಹೋಗೋಣ. ನಂಗೂ ಸಿಗರೇಟ್ ಬೇಕಿತ್ತು."

ಎಲ್ರಾಯ್, ಪೂಲ್, ಓಜೆಲ್ಲಾ ಹೊರಗೆ ಬಂದಾಗ ನಾನು ಮೆಟ್ಟಿಲ ಮೇಲಿದ್ದೆ. ಓಜೆಲ್ಲಾ ತಮ್ಮನ ತೋಳು ಬಿಟ್ಟು ಎಲ್ರಾಯ್ ಮುಂದೆ ನಿಂತಳು.

"ಇಪ್ಪತ್ತು ವರ್ಷ ಇವನಿಗೆ ಬೈದಿದ್ದೀನಿ ನಾನು."

"ಗೊತ್ತಮ್ಮಾ."

"ಗೊತ್ತಿತ್ತು ನಿಮಗೆ. ಗೇಟಲ್ಲಿ ನಿಂತು ಕೇಳಿಸ್ಕೊತಿದ್ರಿ."

"ಹೌದಮ್ಮಾ."

"ಕೋಚ್ ಮೇಲೆ ನಂಗೆ ಸಿಟ್ಟಿಲ್ಲ ಈಗ. ಅವರು ನಮ್ಮನೇಲಿ ಕೂತು ಐಸ್ ಟೀ ಕುಡೀಲಿಲ್ಲ. ನೀವು ಕುಡಿದ್ರಿ." ಅಷ್ಟು ಹೇಳಿ ತಮ್ಮನನ್ನು ಎಳೆದುಕೊಂಡು ಹೊರಟಳು. ಪೂಲ್ ಹೋಗುತ್ತಾ ಹಿಂದೆ ತಿರುಗಿ ಕೈ ಎತ್ತಿದ. "ಬುಧವಾರ ಸಿಗ್ತೀನಿ ಮಿಸ್ಟರ್ ಎಲ್ರಾಯ್."

ಬುಧವಾರ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ.

ಮೇ ತಿಂಗಳಲ್ಲಿ ವರದಿ ಬಂತು. ಎಲ್ರಾಯ್‌ಗೆ ಸೇರಿದ್ದು ಅದರಲ್ಲಿ ಒಂದೇ ಸಾಲು: ಪೂಲ್‌ಗೆ ತಪ್ಪು ಬಣ್ಣ ಕೊಟ್ಟದ್ದು ಸಾಮಾನು ಕೋಣೆಯ ನೌಕರನ ಲೋಪ, ಕೋಚ್ ಆದೇಶಿಸಿದ್ದಕ್ಕೆ ಆಧಾರವಿಲ್ಲ. ಐದಕ್ಕೆ ಎರಡು ಮತಗಳಿಂದ ಹೆಸರು ಪಾಸಾಯಿತು. ಹಿತ್ತಾಳೆ ಫಲಕವನ್ನು ಯಾರಿಗೂ ಹೇಳದೆ ಬಿಚ್ಚಿದರು, ಬಾಗಿಲಲ್ಲಿ ನಾಲ್ಕು ತೂತು ಉಳಿದವು. ಕ್ಷೌರದಂಗಡಿಯಲ್ಲಿ ಎಲ್ರಾಯ್ ಹೋಗಿ ಕೂತರೆ ಮಾತು ನಿಲ್ಲತೊಡಗಿತು. ಸತ್ತವರ ಮೇಲೆ ಗೂಬೆ ಕೂರಿಸಲು ಹೋಗಿ ತಾನೇ ಸಿಕ್ಕಿಬಿದ್ದ ಎಂದು ಒಬ್ಬ ಅಂದನಂತೆ. ಅಂದವನು ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗದಿರುವುದೇ ಅವನ ದವಡೆಗೆ ಕ್ಷೇಮ.

ಹುಲ್ಲಿನ ಮೇಲೆ ಕೋಚ್ ಹೆಸರನ್ನು ಬರೆದವನು ನಾನೇ. ಒಂದೊಂದು ಅಕ್ಷರ ನನ್ನ ಎರಡರಷ್ಟು ಎತ್ತರ. ದಾರ ಕಟ್ಟಿ ಗುರುತು ಹಾಕುವುದಕ್ಕೇ ಅರ್ಧ ದಿನ ಹಿಡಿಯಿತು. ಒಂದಕ್ಷರ ಸೊಟ್ಟ ಮಾಡೋಣ ಅನ್ನಿಸಿತು, ಕೈ ಕೇಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಇಲ್ಲ ಎಂದರೆ ಸುಳ್ಳು. ಮಧ್ಯಾಹ್ನ ಬಣ್ಣದ ಡಬ್ಬಿಯ ಮೇಲೆ ಕೂತು, ತಿನ್ನಲು ತೆಗೆದ ಬ್ರೆಡ್ಡನ್ನು ಹಕ್ಕಿಗಳಿಗೆ ಎಸೆದೆ, ಅದೂ ನಿಜ.

ಜೂನ್‌ನ ಎರಡನೇ ಬುಧವಾರ ಓಜೆಲ್ಲಾಳ ಕಾರು ಎಲ್ರಾಯ್ ಮನೆ ಗೇಟಿನಲ್ಲಿ ನಿಂತಿತು. ಪೂಲ್ ಇಳಿದ. ಅವಳೂ ಇಳಿದು ಜಗಲಿಯ ಕೆಳಗೆ ಬಂದಳು.

"ಮನೇಲಿ ಕೂರಲ್ಲ ಇವನು. ಡೊಮಿನೊ, ಡೊಮಿನೊ ಅಂತ ಪ್ರಾಣ ತಿಂತಾನೆ" ಎಂದಳು. "ಅಂಗಡೀಲಿ ಜನ ಮತ್ತೆ ಹಳೇ ಕತೇನೇ ಹೇಳಿಸ್ತಾರೆ, ಇವನೂ ಹೇಳ್ತಾನೆ. ನಾನು ಎಷ್ಟು ಸಲ ತಿದ್ದಿದ್ರೂ ಮರೀತಾನೆ. ಇನ್ಮೇಲೆ ನೀವು ಹೇಳಿ. ಬಂದಾಗಲೆಲ್ಲ ಹೇಳ್ಬೇಕು. ಹಂಗಿದ್ರೆ ಕಳಿಸ್ತೀನಿ."

"ಹೇಳ್ತೀನಮ್ಮಾ" ಎಂದ ಎಲ್ರಾಯ್.

ಅಂದಿನಿಂದ ಪ್ರತಿ ಬುಧವಾರ, ಮೊದಲ ಆಟ ಮುಗಿದ ಮೇಲೆ, ಎಲ್ರಾಯ್ ಹೇಳುತ್ತಾನೆ: ಹಳದಿ ತೆಗೆದವನು ತಾನು, ಎಲ್ಲಿ ಎಂದು ಬಂದು ಕೇಳಿದವನು ಪೂಲ್. ಪೂಲ್‌ಗೆ ಪ್ರತಿ ಸಲವೂ ಅದು ಹೊಸ ಸುದ್ದಿ. "ನಾನು ಕೇಳಿದ್ನಾ? ಬಾಯಿಬಿಟ್ಟು ಕೇಳಿದ್ನಾ?" ಎನ್ನುತ್ತಾನೆ. "ಕೇಳ್ದೆ" ಎನ್ನುತ್ತಾನೆ ಎಲ್ರಾಯ್. ಒಂದು ವಾರ ಪೂಲ್ ನಕ್ಕು, "ಹಂಗಾದ್ರೆ ನಂಗೆ ಬುದ್ಧಿ ಇತ್ತು" ಎಂದ. ಇನ್ನೊಂದು ವಾರ ಬಿಲ್ಲೆಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಗೇಟಿನಾಚೆ ಹೋಗಿ ನಿಂತ. ಮತ್ತೊಂದು ವಾರ ಅತ್ತ. ಎಲ್ರಾಯ್ ಎಪ್ಪತ್ತಮೂರರ ಮುದುಕ. ಹೇಳಿ ಮುಗಿಸುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿರುತ್ತದೆ.

"ಕಾಗದದಲ್ಲಿ ಬರೆದು ಅವನ ಜೇಬಿಗೆ ಹಾಕು ಮಾರಾಯ" ಎಂದೆ ನಾನು, ತಡೆಯಲಾರದೆ.

"ಬೇಡ. ಕಾಗದಕ್ಕೆ ಅವನು ಬೈಯೋಕಾಗಲ್ಲ."

ಕಳೆದ ಬುಧವಾರ ಪೂಲ್ ಅದನ್ನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಇಷ್ಟು ದಿನ ಕೇಳದಿದ್ದದ್ದನ್ನು ಕೇಳಿದ. "ಮತ್ಯಾಕೆ ಕೊಡ್ಲಿಲ್ಲ ಮಿಸ್ಟರ್ ಎಲ್ರಾಯ್?"

ಎಲ್ರಾಯ್ ನನ್ನ ಕಡೆ ನೋಡಿದ. ಎಲ್ಲದಕ್ಕೂ ಬಾಯಿ ಹಾಕುವ ನಾನು ಆಗ ಬೀದಿ ನೋಡುತ್ತಿದ್ದೆ. "ಕೋಚ್ ಕಿಟಕಿ ಹತ್ರ ಬಂದು..." ಎಂದು ಶುರು ಮಾಡಿದ. ಅಲ್ಲಿಗೇ ನಿಲ್ಲಿಸಿದ.

"ಕೊಡಬೇಕಾಗಿತ್ತು" ಎಂದ. "ಕೊಡ್ಲಿಲ್ಲ."

ಪೂಲ್ ತನ್ನ ಬಿಲ್ಲೆಗಳಲ್ಲಿ ಒಂದನ್ನು ಆರಿಸಿ ಸಾಲಿಗೆ ಜೋಡಿಸಿದ. "ನಿಮ್ಮ ಸರದಿ" ಎಂದ.